ಚೆಕ್‌ರೋಲ್ ಮುಚ್ಚಿದ ಮೇಲೆ 25 ನಿಮಿಷ: ಸಣ್ಣ ಬರಹ ಬೇಗ ಬರೆಯುವುದು ಹೇಗೆ

ನಾನು ರೈಟರ್. ಬೆಂಗಳೂರಿನ ನೆಂಟರಿಗೆ ಹೀಗೆ ಹೇಳಿದರೆ "ಹೌದಾ, ಯಾವ ಪುಸ್ತಕ ಬರೆದಿದ್ದೀರಿ?" ಅಂತ ಕೇಳುತ್ತಾರೆ. ಕೊಡಗಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಇಲ್ಲಿ ಕಾಫಿ ತೋಟದ ರೈಟರ್ ಅಂದರೆ ಬೆಳಿಗ್ಗೆ ಆಳುಗಳ ಹಾಜರಿ ಹಾಕುವವರು, ಗೊಬ್ಬರದ ಮೂಟೆಯ ಲೆಕ್ಕ ಇಡುವವರು, ಸಂಜೆ ಹಣ್ಣು ತೂಗಿ ಬರೆದುಕೊಳ್ಳುವವರು, ಬಟವಾಡೆ ದಿನ ದುಡ್ಡು ಎಣಿಸಿ ಕೊಡುವವರು. ಸುಂಟಿಕೊಪ್ಪದ ಹತ್ತಿರ ಒಂದು ತೋಟದಲ್ಲಿ 14 ವರ್ಷದಿಂದ ನನ್ನದು ಇದೇ ಕೆಲಸ. ಚೆಕ್‌ರೋಲ್, ಅಂದರೆ ಆ ಹಾಜರಿ ಪುಸ್ತಕ, ನನ್ನ ಮಹಾಕಾವ್ಯ.

ಇದರ ಜೊತೆಗೆ ಬೆಂಗಳೂರಿನವರು ತಿಳಿದುಕೊಂಡ ಅರ್ಥದಲ್ಲೂ ಸ್ವಲ್ಪ ರೈಟರ್ ಆಗಿದ್ದೇನೆ. ವಾರಕ್ಕೆ ಎರಡು ಸಣ್ಣ ಬರಹ ಬರೆಯುತ್ತೇನೆ. ಹೆಚ್ಚಾಗಿ ಒಂದೊಂದು 100ರಿಂದ 250 ಪದ. ತೋಟ, ಮಳೆ, ಅಡುಗೆಮನೆ, ಬಸ್ಸು, ಇಂಥವೇ. ಬರೆಯುವುದು ಫೋನಿನಲ್ಲಿ. ಸಮಯ ರಾತ್ರಿ 8:45ರಿಂದ 9:10ರವರೆಗೆ. ಅದಕ್ಕೆ ಮೊದಲು ಅಡುಗೆ, ಮಗಳ ಹೋಮ್‌ವರ್ಕ್, ಅತ್ತೆಯ ಮಾತ್ರೆ. ಅದಾದ ಮೇಲೆ ನನ್ನ ಕಣ್ಣು ನನ್ನ ಮಾತು ಕೇಳುವುದಿಲ್ಲ.

ಕುಶಾಲನಗರದಲ್ಲಿ ಟೀಚರ್ ಆಗಿರುವ ಗೆಳತಿಯೊಬ್ಬಳು ಮೊನ್ನೆ ಬಸ್ಸಿನಲ್ಲಿ ಸಿಕ್ಕಳು. "ಅಷ್ಟು ಹೊತ್ತಿನಲ್ಲಿ ಅದು ಹೇಗೆ ಬರೆದು ಮುಗಿಸುತ್ತೀಯ ಮಾರಾಯ್ತಿ? ನಾನು ಭಾನುವಾರ ಇಡೀ ಕೂತರೂ ಅರ್ಧ ಪುಟ ಆಗಲ್ಲ" ಅಂದಳು. ಅವಳಿಗೆ ಹೇಳಲು ಹೊರಟೆ. ಅಷ್ಟರಲ್ಲಿ ಸುಂಟಿಕೊಪ್ಪ ಬಂತು, ಇಳಿದೆ. ಉಳಿದದ್ದು ಇಲ್ಲಿದೆ.

ಹೊತ್ತು ಎಲ್ಲಿ ಹೋಗುತ್ತದೆ ಅಂತ ಮೊದಲು ನೋಡಿ

ಮೊದಲ ವರ್ಷ ನನಗೂ ಹಾಗೇ ಆಗುತ್ತಿತ್ತು. ಫೋನ್ ಹಿಡಿದು ಕೂರುತ್ತಿದ್ದೆ. "ಕೊಡಗಿನ ಮಳೆಗಾಲ" ಅಂತ ತಲೆಬರಹ ಹಾಕುತ್ತಿದ್ದೆ. ಒಂದು ಸಾಲು ಬರೆದು, ಅಳಿಸಿ, ಇನ್ನೊಂದು ಸಾಲು ಬರೆದು, ಅದನ್ನೂ ಅಳಿಸಿ, ಹತ್ತೂವರೆಗೆ ಸಿಟ್ಟು ಬಂದು ಮಲಗುತ್ತಿದ್ದೆ.

ತೋಟದಲ್ಲಿ ಒಂದು ಕೆಲಸ ತಡವಾದರೆ ನಾವು ಸುಮ್ನೆ ಬೈಯುವುದಿಲ್ಲ, ಲೆಕ್ಕ ನೋಡುತ್ತೇವೆ. ಕಪಾತಿಗೆ (ಗಿಡದ ರೆಂಬೆ ಸವರುವುದಕ್ಕೆ) ಎಷ್ಟು ಆಳು ಹೋದರು, ಎಷ್ಟು ಗಿಡ ಆಯಿತು, ಎಲ್ಲಿ ನಿಂತರು. ಅದೇ ಬುದ್ಧಿಯನ್ನು ಇಲ್ಲೂ ಓಡಿಸಿದೆ. ಮೂರು ರಾತ್ರಿ ಗಡಿಯಾರ ಪಕ್ಕದಲ್ಲಿಟ್ಟು ಬರೆದುಕೊಂಡೆ. ಒಂದು ರಾತ್ರಿಯ ಲೆಕ್ಕ ಹೀಗಿತ್ತು: ಏನು ಬರೆಯಲಿ ಅಂತ ಯೋಚಿಸಿದ್ದು 22 ನಿಮಿಷ. ಮೊದಲ ಸಾಲು ತಿದ್ದಿದ್ದು 15 ನಿಮಿಷ. ಕಾವೇರಿ ಸಂಕ್ರಮಣದ ದಿನಾಂಕ ನೋಡಲು ಹೋಗಿ ವಾಟ್ಸಾಪ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದು 18 ನಿಮಿಷ. ನಿಜವಾಗಿ ಬರೆದದ್ದು 11 ನಿಮಿಷ.

ಆವತ್ತು ನಗು ಬಂತು. ನಾನು ನಿಧಾನ ಅಂದುಕೊಂಡಿದ್ದೆ. ಬರೆಯುವುದರಲ್ಲಿ ನಾನು ನಿಧಾನವೇ ಅಲ್ಲ. ನೀವೂ ಒಂದು ಸಲ ಹೀಗೆ ಲೆಕ್ಕ ಹಾಕಿ ನೋಡಿ. ನಿಮ್ಮ ಲೆಕ್ಕ ಬೇರೆ ಇರಬಹುದು. ಆದರೆ ಯೋಚನೆಗೆ ಹೋಗುವ ಹೊತ್ತೇ ಜಾಸ್ತಿ ಇರುತ್ತದೆ ಅಂತ ನನ್ನ ಅಂದಾಜು. ಹಾಗಾದರೆ ಆ ಯೋಚನೆಯನ್ನು ರಾತ್ರಿಗೆ ಇಟ್ಟುಕೊಳ್ಳಬೇಡಿ. ಹಗಲಿನಲ್ಲಿ, ಬೇರೆ ಕೆಲಸದ ನಡುವೆ ಮುಗಿಸಿ. ಈ ಬರಹದಲ್ಲಿ ನಾನು ಹೇಳಬೇಕಾದದ್ದು ಹೆಚ್ಚು ಕಡಿಮೆ ಇಷ್ಟೇ. ಅದನ್ನು ಹೇಗೆ ಮಾಡುವುದು ಅನ್ನುವುದಕ್ಕೆ ಮುಂದೆ ಓದಿ.

ಹಗಲಿನಲ್ಲಿ ಹೆಕ್ಕಿಕೊಳ್ಳುವುದು

ನನ್ನ ಹತ್ತಿರ ಒಂದು ಜೇಬಿನ ಡೈರಿ ಇದೆ, ಜೊತೆಗೊಂದು ಪೆನ್ಸಿಲ್. ಪೆನ್ನು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಾಗದವೂ ಬೆವರುತ್ತದೆ, ಪೆನ್ನಿನ ಶಾಯಿ ಹರಡಿ ಹಾಜರಿ ಯಾವುದು ರಜೆ ಯಾವುದು ಗೊತ್ತಾಗುವುದಿಲ್ಲ. ಪೆನ್ಸಿಲ್ ಒದ್ದೆ ಹಾಳೆಯ ಮೇಲೂ ನಿಲ್ಲುತ್ತದೆ. ಡೈರಿಗೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿದ್ದೇನೆ. ನೋಡಲು ಚಂದ ಇಲ್ಲ. ಆದರೆ ಆಳುಗಳ ಕೊಪ್ಪೆಗಿಂತ ಚೆನ್ನಾಗಿ ಮಳೆ ತಡೆಯುತ್ತದೆ.

ಬರೆದುಕೊಳ್ಳುವುದು ದಿನಕ್ಕೆ ಎರಡು ಮೂರು ಸಾಲು. ಇಲ್ಲಿ ಒಂದು ಮಾತು ಮುಖ್ಯ. ವಿಷಯ ಬರೆದುಕೊಳ್ಳಬೇಡಿ, ಕಂಡದ್ದನ್ನು ಬರೆದುಕೊಳ್ಳಿ. "ಮಂಗಗಳ ಕಾಟ" ಅಂತ ಬರೆದುಕೊಂಡರೆ ರಾತ್ರಿ ಅದರಿಂದ ಏನೂ ಹುಟ್ಟುವುದಿಲ್ಲ. ನಾನೇ ಎಷ್ಟೋ ಸಲ ಬರೆದುಕೊಂಡು, ರಾತ್ರಿ ಆ ಎರಡು ಪದ ನೋಡುತ್ತಾ ಕೂತಿದ್ದೇನೆ. ಈಗ ಹೀಗೆ ಬರೆದುಕೊಳ್ಳುತ್ತೇನೆ: "ಮಂಗ ಕಿತ್ತಳೆ ತಿಂದು ಸಿಪ್ಪೆ ಕಣಕ್ಕೆ ಎಸೆದಿದೆ, ಒಣಗಲು ಹಾಕಿದ ಕಾಫಿಯ ಮಧ್ಯೆ. ಮೇಸ್ತ್ರಿ ಹೇಳಿದ್ದು, ರೈಟರಮ್ಮಾ, ಇದಕ್ಕೂ ಒಂದು ಹಾಜರಿ ಹಾಕಿ." ರಾತ್ರಿ ಇದನ್ನು ಓದಿದರೆ ಕಣವೂ ಕಾಣುತ್ತದೆ, ಮೇಸ್ತ್ರಿಯ ಮುಖವೂ ಕಾಣುತ್ತದೆ. ಅರ್ಧ ಬರಹ ಅಲ್ಲೇ ಆಯಿತು.

ಯಾರಾದರೂ ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಿ, ಅದೂ ಒಂದು ಗಂಟೆಯೊಳಗೆ. ಸಂಜೆ ಹೊತ್ತಿಗೆ ಆ ಮಾತು ನಮ್ಮ ಮಾತಿನ ಹಾಗೆ ಆಗಿಬಿಟ್ಟಿರುತ್ತದೆ. ಹಾಜರಿಯೂ ಹಾಗೇ ಅಲ್ವಾ? ಆಯಾ ದಿನ ಹಾಕದಿದ್ದರೆ ಶನಿವಾರ ಎಲ್ಲರೂ ಆರು ದಿನ ಬಂದವರೇ.

ಫೋನಿನಲ್ಲಿ ಬರೆದುಕೊಂಡರೆ ಆಗದೇ? ಆಗುತ್ತದೆ. ನನಗೆ ಮಾತ್ರ ಆಗುವುದಿಲ್ಲ. ಫೋನ್ ತೆಗೆದರೆ ಬೇರೆ ಏನೋ ಕಾಣುತ್ತದೆ, ಬರೆಯಬೇಕಾದದ್ದು ಮರೆಯುತ್ತದೆ.

ಅತ್ತೆಯ ಪರೀಕ್ಷೆ

ಸಂಜೆ ಅನ್ನಕ್ಕೆ ಇಟ್ಟ ಮೇಲೆ ಡೈರಿ ತೆಗೆದು ಹಿಂದಿನ ಮೂರು ನಾಲ್ಕು ದಿನದ ಸಾಲು ಓದುತ್ತೇನೆ. ಕುಕ್ಕರ್ ಮೂರು ಸೀಟಿ ಹಾಕುವುದರೊಳಗೆ ಒಂದನ್ನು ಆರಿಸಬೇಕು. ಇದು ನಾನೇ ಹಾಕಿಕೊಂಡ ಕಟ್ಟು. ಯಾವುದನ್ನು ಆರಿಸುವುದು? ಯಾವುದಕ್ಕೆ ವಿವರಣೆ ಕಡಿಮೆ ಬೇಕೋ ಅದನ್ನು. ಕಾಫಿ ಬೆಲೆ, ಓಟಿ ಲೆಕ್ಕ (ಒಣಗಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವುದು), 50 ಕಿಲೋ ಚೀಲದ ವ್ಯಾಪಾರ, ಇವೆಲ್ಲ ಒಳ್ಳೆಯ ವಿಷಯಗಳೇ. ಆದರೆ ತೋಟ ನೋಡದವರಿಗೆ ಅದನ್ನು ತಿಳಿಸಲು ಒಂದು ಪುಟ ಬೇಕು. 25 ನಿಮಿಷದ ದಿನ ಅದನ್ನು ಮುಟ್ಟುವುದಿಲ್ಲ.

ಆಮೇಲೆ ಪರೀಕ್ಷೆ. ನಮ್ಮ ಅತ್ತೆ ಶನಿವಾರಸಂತೆ ಕಡೆಯವರು. ಟಿವಿ ನೋಡುತ್ತಾ ಕೂತಿರುತ್ತಾರೆ. ಅವರಿಗೆ ಆ ವಿಷಯವನ್ನು ಎರಡೇ ವಾಕ್ಯದಲ್ಲಿ ಹೇಳುತ್ತೇನೆ. "ಆಮೇಲೆ?" ಅಂದರೆ ಬರಹ ಗೆದ್ದಿತು. "ಹೂಂ" ಅಂತ ಮತ್ತೆ ಟಿವಿ ಕಡೆ ತಿರುಗಿದರೆ ಆ ಸಾಲಿಗೆ ಡೈರಿಯಲ್ಲಿ ಒಂದು ಅಡ್ಡಗೆರೆ. ಎರಡು ವಾಕ್ಯದಲ್ಲಿ ಹೇಳಲು ನನಗೇ ಬಾರದಿದ್ದರೆ ವಿಷಯ ಇನ್ನೂ ದೊಡ್ಡದಾಗಿದೆ ಅಂತ ಅರ್ಥ, ಅದನ್ನು ಒಡೆಯಬೇಕು.

ಒಡೆಯುವುದು ಅಂದರೆ ಹೀಗೆ. ಮಾರ್ಚ್‌ನಲ್ಲಿ ಕಾಫಿ ಹೂವಿನ ಬಗ್ಗೆ ಬರೆಯಬೇಕು ಅನಿಸಿತು. ಹೂವು ಅಂದರೆ ಎಷ್ಟೊಂದು ಇದೆ. ಹೂಮಳೆ ಒಂದು ಇಂಚಾದರೂ ಬೀಳಬೇಕು. ಬಿದ್ದ ಏಳೆಂಟು ದಿನಕ್ಕೆ ರೋಬಸ್ಟಾ ಅರಳುತ್ತದೆ, ಅರೇಬಿಕಾ ಒಂದೆರಡು ದಿನ ತಡ. ಮಳೆ ಕೈಕೊಟ್ಟರೆ ಕೆರೆಯಿಂದ ಸ್ಪ್ರಿಂಕ್ಲರ್ ಓಡಿಸಬೇಕು, ಡೀಸೆಲ್ ಖರ್ಚು. ಅರೇಬಿಕಾ ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಹಾಗಾಗಿ ಜೇನು ಬಂದರೆ ಒಳ್ಳೆಯದು, ಗಾಳಿಯೂ ಬೀಸಬೇಕು. ಹೂವು ಉದುರಿದ ಮೇಲೆ ಇನ್ನೊಂದು ಮಳೆ ಬೇಕು. ಇಷ್ಟನ್ನೂ ಒಂದರಲ್ಲಿ ತುಂಬಿದರೆ ಶಾಲೆಯ ಪಾಠ ಆಗುತ್ತದೆ. ನಾನು ಆವತ್ತು ಬರೆದದ್ದು ಒಂದೇ ವಿಷಯ: ಹೂವು ಅರಳಿದ ಬೆಳಿಗ್ಗೆ ಹಾಜರಿಗೆ ನಿಂತ ಹೆಂಗಸರಲ್ಲಿ ಮೂವರು ತಲೆಗೆ ಬಟ್ಟೆ ಬಿಗಿದು ಬಂದಿದ್ದರು. ಆ ವಾಸನೆಗೆ ತಲೆನೋವು. ಪ್ರವಾಸಕ್ಕೆ ಬಂದವರು ಅದೇ ವಾಸನೆಗೆ ಕಾರು ನಿಲ್ಲಿಸಿ ಮೂಗು ಏರಿಸುತ್ತಿದ್ದರು. ಅಷ್ಟೇ, 120 ಪದ. ಉಳಿದ ನಾಲ್ಕು ಸಂಗತಿಗಳು ಮುಂದಿನ ಎರಡು ವಾರಕ್ಕೆ ನಾಲ್ಕು ಬರಹ ಆದವು.

ಒಬ್ಬರಿಗೆ ಬರೆಯಿರಿ

ಇದನ್ನು ನಾನು ಕಲಿತದ್ದು 2018ರ ಆಗಸ್ಟ್‌ನಲ್ಲಿ. ಆವಾಗ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಆಚೆ ಜೋಡುಪಾಲ. ನಮಗೆ ಕರೆಂಟ್ ಇಲ್ಲ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಸಿಕ್ಕಿದ ಎರಡು ನಿಮಿಷದಲ್ಲಿ ಫೋನ್ ತುಂಬ ಒಂದೇ ಪ್ರಶ್ನೆ. ಹೇಗಿದ್ದೀರಿ, ದಾರಿ ಇದೆಯಾ, ಬರಬಹುದಾ. ಮೈಸೂರಿನ ನನ್ನ ಅಕ್ಕ ಅತ್ತುಕೊಂಡೇ ಮೆಸೇಜ್ ಹಾಕಿದ್ದಳು.

ಬ್ಯಾಟರಿ 9 ಪರ್ಸೆಂಟ್ ಇತ್ತು. ಅಕ್ಕನಿಗೆ ಎಂಟು ಸಾಲು ಬರೆದೆ. ನಾವು ಮನೆಯಲ್ಲೇ ಇದ್ದೇವೆ. ಮನೆ ಹಿಂದಿನ ಗುಡ್ಡದ ಬರೆ ಗಟ್ಟಿ ಇದೆ. ಮಗು ಆರಾಮ. ಅಕ್ಕಿ ಇದೆ, ಸೀಮೆಎಣ್ಣೆ ಇದೆ. ಮಾದಾಪುರದ ದಾರಿ ಹೋಗಿದೆ, ಆ ಕಡೆ ಬರಬೇಡ. ಲೈನ್ ಮನೆಯವರೆಲ್ಲ ನಮ್ಮ ಆಫೀಸಿನಲ್ಲಿ ಮಲಗುತ್ತಿದ್ದಾರೆ. ಅಳಬೇಡ. ನಾಳೆ ನೆಟ್‌ವರ್ಕ್ ಬಂದರೆ ಬರೆಯುತ್ತೇನೆ. (ಲೈನ್ ಮನೆ ಅಂದರೆ ತೋಟದ ಆಳುಗಳ ಸಾಲುಮನೆ.)

ಅಕ್ಕ ಅದನ್ನು ಎಲ್ಲ ನೆಂಟರಿಗೆ ಕಳಿಸಿದಳು. ಅವರು ಇನ್ನಷ್ಟು ಜನಕ್ಕೆ ಕಳಿಸಿದರು. ಆಮೇಲೆ ಎಷ್ಟೋ ಜನ ಹೇಳಿದರು, ಟಿವಿಯಲ್ಲಿ ದಿನವಿಡೀ ನೋಡಿದ್ದಕ್ಕಿಂತ ಆ ಎಂಟು ಸಾಲಿನಲ್ಲಿ ಗೊತ್ತಾಯಿತು ಅಂತ. ನಾನು ಬರೆದದ್ದು ಮಾತ್ರ ಅಕ್ಕನಿಗೆ. ಅವಳು ಏನು ಕೇಳಿದಳೋ ಅದಕ್ಕೆ.

ಈಗಲೂ ಬೇಗ ಬರೆಯಬೇಕಾದಾಗ ಹಾಗೇ ಮಾಡುತ್ತೇನೆ. ಈ ಬರಹ ಯಾರ ಯಾವ ಪ್ರಶ್ನೆಗೆ ಉತ್ತರ ಅಂತ ಡೈರಿಯ ಸಾಲಿನ ಪಕ್ಕ ಬರೆದಿಡುತ್ತೇನೆ. "ಅಕ್ಕ: ಜಿಗಣೆ ಕಚ್ಚಿದರೆ ಏನು ಮಾಡ್ತೀರ?" "ಗೆಳತಿ: ತೋಟದಲ್ಲಿ ಆನೆ ಇದೆ ಅಂತ ಬೆಳಿಗ್ಗೆ ಹೇಗೆ ಗೊತ್ತಾಗುತ್ತೆ?" ಕೇಳಿದವರ ಮುಖ ಕಣ್ಣ ಮುಂದೆ ಬಂದರೆ ಯಾವ ಪದ ಹಾಕಬೇಕು, ಎಷ್ಟು ಬಿಡಿಸಿ ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಯೋಚಿಸಬೇಕಾಗಿಲ್ಲ. ಲೋಕಕ್ಕೆಲ್ಲ ಬರೆಯಲು ಕೂತರೆ "ಪ್ರಕೃತಿಯ ಮಡಿಲು" ಅಂತ ಬರುತ್ತದೆ. ಅಕ್ಕನಿಗೆ ಯಾರು ಹಾಗೆ ಬರೆಯುತ್ತಾರೆ?

ಆ 25 ನಿಮಿಷ

ಫೋನಿನಲ್ಲಿ ಅಲಾರಂ ಇಟ್ಟು ಕೂರುತ್ತೇನೆ. ಮೊದಲು ಬರೆಯುವುದು ಕೊನೆಯ ಸಾಲು. ಡೈರಿಯಲ್ಲಿ ಯಾವ ಮಾತಿಗೆ ನಗು ಬಂದಿತ್ತೋ, ಯಾವುದು ಮನಸ್ಸಿಗೆ ತಾಗಿತ್ತೋ, ಸಾಮಾನ್ಯವಾಗಿ ಅದೇ ಕೊನೆಯ ಸಾಲು. ಅದನ್ನು ಕೆಳಗೆ ಹಾಕಿಟ್ಟು ಮೇಲಿನಿಂದ ಅದರ ಕಡೆ ನಡೆಯುತ್ತಾ ಬರುತ್ತೇನೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದರೆ ದಾರಿ ಬೇಗ ಸಾಗುತ್ತದೆ. ಗೊತ್ತಿಲ್ಲದಿದ್ದರೆ ಪ್ರತಿ ತಿರುವಿನಲ್ಲೂ ನಿಂತು ಕೇಳಬೇಕು.

ಆಮೇಲೆ 12 ನಿಮಿಷ ಒಂದೇ ಉಸಿರಿಗೆ. ಅಳಿಸುವಂತಿಲ್ಲ. ತಪ್ಪಾದರೆ ತಪ್ಪೇ ಇರಲಿ. ಒಂದು ದಿನಾಂಕ ನೆನಪಿಲ್ಲ, ಗಿಡದ ಹೆಸರು ನೆನಪಿಲ್ಲ ಅಂದರೆ ಅಲ್ಲಿ "ನೋಡು" ಅಂತ ಬರೆದು ಮುಂದೆ ಹೋಗುತ್ತೇನೆ. ಹುಡುಕಲು ಹೋಗುವುದಿಲ್ಲ. ಆ 18 ನಿಮಿಷ ವಾಟ್ಸಾಪ್‌ನಲ್ಲಿ ಕಳೆದದ್ದು ನೆನಪಿದೆಯಲ್ಲ.

ಬಾಯಲ್ಲಿ ಹೇಳಿ ಬರೆಸುವುದನ್ನೂ ಮಾಡಿ ನೋಡಿ. ಗೂಗಲ್ 2017ರಲ್ಲಿ ಕನ್ನಡಕ್ಕೂ ಧ್ವನಿ ಟೈಪಿಂಗ್ ತಂದಿತು. ಪಾತ್ರೆ ಒರೆಸುತ್ತಾ ಫೋನಿಗೆ ಹೇಳಿದರೆ ಅದು ಬರೆದುಕೊಳ್ಳುತ್ತದೆ. ಕೈಯಲ್ಲಿ 12 ನಿಮಿಷದ ಕೆಲಸ ಬಾಯಲ್ಲಿ ನಾಲ್ಕು ನಿಮಿಷ. ಆದರೆ ತೋಟದ ಮಾತು ಅದಕ್ಕೆ ಬಾರದು. "ಗಿಡಗಳಿಗೆ ಕಪಾತು ಮಾಡಿಸಿದೆವು" ಅಂದರೆ "ಗಿಡಗಳಿಗೆ ಕಪಾಟು ಮಾಡಿಸಿದೆವು" ಅಂತ ಬರೆಯಿತು. ಓದಿದರೆ ಸಾಹುಕಾರರು ಗಿಡಕ್ಕೊಂದು ಬೀರು ಕೊಡಿಸಿದ ಹಾಗಿತ್ತು. ನನ್ನ ಫೋನಿನಲ್ಲಿ ಅದು ಪೂರ್ಣವಿರಾಮವನ್ನೂ ಹಾಕುವುದಿಲ್ಲ. ಹಾಗಾಗಿ ಎರಡು ಮೂರು ವಾಕ್ಯ ಹೇಳಿ ನಿಲ್ಲಿಸುತ್ತೇನೆ, ನಾನೇ ಸಾಲು ಒಡೆಯುತ್ತೇನೆ, ಮತ್ತೆ ಹೇಳುತ್ತೇನೆ. ಇನ್ನೊಂದು ತೊಂದರೆ, ಬಾಯಲ್ಲಿ ಹೇಳುವಾಗ ನಾವು ಒಂದೇ ಮಾತನ್ನು ಮೂರು ಸಲ ಹೇಳುತ್ತೇವೆ. ಅರ್ಧ ಕಡಿಯಲೇಬೇಕು. ಗಾಳಿಮಳೆಗೆ ನೆಟ್‌ವರ್ಕ್ ಹೋದ ದಿನ ಅದೂ ಕೈಕೊಡುತ್ತದೆ, ಆವಾಗ ಹೆಬ್ಬೆರಳೇ ಗತಿ.

ಆಫೀಸಿನ ಕಂಪ್ಯೂಟರ್‌ನಲ್ಲಿ ಬರೆಯುವವರಿಗೆ ಒಂದು ಮಾತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಫೋನಿಗೆ ತಂದರೆ ಅಕ್ಷರ ಎಲ್ಲ ಕಸದ ಹಾಗೆ ಕಾಣುತ್ತದೆ. ಬದಲಾಯಿಸುವ ಉಪಾಯಗಳು ಇವೆ, ಆದರೆ ಒತ್ತಕ್ಷರ ಒಂದೆರಡು ಹಾಳಾಗಿರುತ್ತವೆ, ಅದನ್ನು ಹುಡುಕುವುದು ಇನ್ನೊಂದು ಕೆಲಸ. ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ.

ಉಳಿದ ಹತ್ತು ನಿಮಿಷ ಕಡಿಯುವುದಕ್ಕೆ. ಇದರಲ್ಲಿ ನನಗೆ ಸ್ವಲ್ಪ ಹೆಮ್ಮೆ ಇದೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುವುದನ್ನು, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದನ್ನು, ನೋಡುತ್ತಾ ನೋಡುತ್ತಾ ಯಾವ ಕೊಂಬೆ ಇದ್ದರೆ ಗಿಡಕ್ಕೆ ಬೆಳಕು ಬೀಳುವುದಿಲ್ಲ ಅನ್ನುವುದು ಕಣ್ಣಿಗೆ ಬಂದುಬಿಟ್ಟಿದೆ.

ಕಡಿಯುವುದನ್ನು ಮೇಲಿನಿಂದ ಶುರು ಮಾಡಿ. ಮೊದಲ ಎರಡು ಮೂರು ವಾಕ್ಯ ತೆಗೆದು ಓದಿ ನೋಡಿ. ಹತ್ತರಲ್ಲಿ ಎಂಟು ಸಲ ಬರಹಕ್ಕೆ ಏನೂ ಆಗಿರುವುದಿಲ್ಲ, ಚೆನ್ನಾಗಿಯೇ ಆಗಿರುತ್ತದೆ. ಆ ಮೊದಲ ವಾಕ್ಯಗಳು ನಾವು ಗಂಟಲು ಸರಿಮಾಡಿಕೊಂಡದ್ದು, ಅಷ್ಟೇ. "ದಕ್ಷಿಣದ ಕಾಶ್ಮೀರ", "ಭಾರತದ ಸ್ಕಾಟ್ಲೆಂಡ್" ಎಂಬ ಪದಗಳು ಎಲ್ಲಿ ಕಂಡರೂ ಹೊಡೆದು ಹಾಕಿ. ಕೊಡಗಿನವರು ಯಾರೂ ಹಾಗೆ ಮಾತಾಡುವುದಿಲ್ಲ, ಹೋಮ್‌ಸ್ಟೇ ಬೋರ್ಡುಗಳು ಮಾತ್ರ ಮಾತಾಡುತ್ತವೆ.

ಒಂದು ಬರಹ ಆದ ಬಗೆ

ಸುಮ್ನೆ ಹೇಳಿದರೆ ಸಾಲದು, ಒಂದನ್ನು ಬಿಚ್ಚಿ ತೋರಿಸುತ್ತೇನೆ. ಡೈರಿಯಲ್ಲಿ ಇದ್ದದ್ದು ಇಷ್ಟು: "ಪಕ್ಕದ ಅಕ್ಕ, ಮದ್ದು ಪಾಯಸ, ಸ್ಟೀಲ್ ಡಬ್ಬಿ. ಮಗಳು ಬಚ್ಚಲಿನಿಂದ ಕೂಗು. ಅತ್ತೆ: ಮದ್ದು ಹತ್ತಿದೆ ಬಿಡು."

ಮೊದಲು ಒಂದೇ ಉಸಿರಿಗೆ ಬರೆದಾಗ 280 ಪದ ಆಯಿತು. ಅದರಲ್ಲಿ ಕಕ್ಕಡ ತಿಂಗಳು (ಕೊಡವರ ಲೆಕ್ಕದಲ್ಲಿ ಮಳೆಗಾಲದ ಒಂದು ತಿಂಗಳು) ಅಂದರೆ ಏನು, ಆವಾಗ ಗದ್ದೆಯಲ್ಲಿ ನಾಟಿ ಹೇಗೆ ನಡೆಯುತ್ತಿತ್ತು, ಈಗ ಎಷ್ಟು ಗದ್ದೆ ಪಾಳು ಬಿದ್ದಿದೆ, ನಾನು ಚಿಕ್ಕವಳಿದ್ದಾಗ ಏನಾಯಿತು, ಎಲ್ಲ ಇತ್ತು. ಕಡಿದ ಮೇಲೆ ಉಳಿದದ್ದು ಇದು:

"ನಿನ್ನೆ ಆಗಸ್ಟ್ 3, ಕಕ್ಕಡ ತಿಂಗಳ 18ನೇ ದಿನ. ಪಕ್ಕದ ಮನೆಯ ಅಕ್ಕ ಒಂದು ಸ್ಟೀಲ್ ಡಬ್ಬಿ ಕೊಟ್ಟು ಹೋದರು. ಮುಚ್ಚಳ ತೆಗೆದರೆ ಒಳಗೆ ಕಡು ನೇರಳೆ. ಮದ್ದು ಪಾಯಸ. ಮದ್ದು ಸೊಪ್ಪು ಬೇಲಿ ಬದಿಯಲ್ಲಿ ಬೆಳೆದು ನಿಂತಿರುತ್ತದೆ, ಬೇರೆ ದಿನ ಯಾರೂ ತಿರುಗಿ ನೋಡುವುದಿಲ್ಲ. ಈ ದಿನದ ಹೊತ್ತಿಗೆ ಅದರಲ್ಲಿ 18 ಬಗೆಯ ಔಷಧಿ ಸೇರುತ್ತದೆ ಅಂತ ಇಲ್ಲಿನ ನಂಬಿಕೆ. ಸೊಪ್ಪು ಕುದಿಸಿ, ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕುತ್ತಾರೆ. ಮಗಳು ಎರಡು ಬಟ್ಟಲು ತಿಂದಳು. ಇವತ್ತು ಬೆಳಿಗ್ಗೆ ಬಚ್ಚಲಿನಿಂದ ಕಿರುಚಿದಳು, 'ಅಮ್ಮಾ, ಕೆಂಪು!' ಹೆದರಬೇಡ, ಪಾಯಸದ ಬಣ್ಣ ಅಂದೆ. ಒಳಗಿನಿಂದ ಅತ್ತೆಯ ದನಿ ಬಂತು: 'ಮದ್ದು ಹತ್ತಿದೆ ಬಿಡು.'"

ನೂರು ಪದವೂ ಇಲ್ಲ. ಇದರಲ್ಲಿ ಗದ್ದೆಯ ಮಾತು ಕಡಿದಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಒಳ್ಳೆಯ ಮಾತೇ ಆಗಿತ್ತು. ಆದರೆ ಅದು ಡಬ್ಬಿಯ ಕಥೆಯನ್ನು ನಿಲ್ಲಿಸಿ ಬೇರೆ ಕಡೆ ಕರೆದುಕೊಂಡು ಹೋಗುತ್ತಿತ್ತು. ಕಡಿದದ್ದನ್ನು ಎಸೆಯುವುದಿಲ್ಲ. ಫೋನಿನಲ್ಲಿ "ಮಿಕ್ಕಿದ್ದು" ಅಂತ ಒಂದು ನೋಟ್ ಇದೆ, ಅದಕ್ಕೆ ಅಂಟಿಸುತ್ತೇನೆ. ಆ ಗದ್ದೆಯ ಮಾತು ಆಮೇಲೆ ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಹೊತ್ತಿಗೆ ಕೆಲಸಕ್ಕೆ ಬಂತು. ಕದಿರು ತೆಗೆಯಲು ಗದ್ದೆ ಇಲ್ಲದವರು ಎಲ್ಲಿಗೆ ಹೋಗುತ್ತಾರೆ ಅಂತ ಬರೆದೆ.

ಬೇಗದಲ್ಲಿ ಆಗುವ ತಪ್ಪು

ಇದನ್ನು ಹೇಳದಿದ್ದರೆ ನಾನು ಮೋಸ ಮಾಡಿದ ಹಾಗೆ. ಬೇಗ ಬರೆದರೆ ತಪ್ಪು ಜಾಸ್ತಿ.

ನಮ್ಮ ತೋಟಗಳಲ್ಲಿ ಮಳೆ ಲೆಕ್ಕ ಇಂಚು, ಸೆಂಟ್‌ನಲ್ಲಿ. 100 ಸೆಂಟ್ ಅಂದರೆ ಒಂದು ಇಂಚು, ಅಂದರೆ ಸುಮಾರು 25 ಮಿಲಿಮೀಟರ್. ಒಂದು ಏಪ್ರಿಲ್‌ನಲ್ಲಿ ನಮಗೆ 80 ಸೆಂಟ್ ಬಿತ್ತು. ಖುಷಿಗೆ ಹತ್ತೇ ನಿಮಿಷದಲ್ಲಿ ಬರೆದು ಹಾಕಿದೆ. ಮರುದಿನ ಬೆಳಿಗ್ಗೆ ಸಾಹುಕಾರರ ಫೋನು. "ಏನಮ್ಮಾ, ತೋಟ ಇದೆಯಾ, ಕೊಚ್ಚಿಕೊಂಡು ಹೋಯಿತಾ?" ನಾನು ಬರೆದದ್ದು 80 ಇಂಚು. ಒಂದೇ ರಾತ್ರಿಗೆ. ಲೈನ್ ಮನೆಯ ಹುಡುಗರು ಒಂದು ತಿಂಗಳು "ಅಕ್ಕಾ, ಇವತ್ತು ಎಷ್ಟು ಇಂಚು?" ಅಂತ ಕೇಳಿ ಪ್ರಾಣ ತೆಗೆದರು.

ಆವತ್ತಿನಿಂದ ಕೊನೆಯ ಮೂರು ನಿಮಿಷ ಅಂಕಿಗೆ, ಹೆಸರಿಗೆ ಮಾತ್ರ. ಮಾತು ಸರಿ ಇದೆಯಾ ಅಂತ ನೋಡುವುದಿಲ್ಲ. ಬೆರಳು ಇಟ್ಟು ಒಂದೊಂದೇ ಅಂಕಿ, ಒಂದೊಂದೇ ಊರು ನೋಡುತ್ತೇನೆ, ಬಟವಾಡೆ ಪಟ್ಟಿ ನೋಡಿದ ಹಾಗೆ. "ನೋಡು" ಅಂತ ಬಿಟ್ಟ ಜಾಗಗಳನ್ನು ಆವಾಗ ತುಂಬುತ್ತೇನೆ. ಎರಡು ನಿಮಿಷದಲ್ಲಿ ಉತ್ತರ ಸಿಗದಿದ್ದರೆ ಆ ವಾಕ್ಯವೇ ಹೋಗಲಿ. ಅಂದಾಜಿಗೆ ಒಂದು ಅಂಕಿ ಹಾಕುವುದು ಮಾತ್ರ ಬೇಡ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ತೋಟದ ಒಬ್ಬ ಹೆಂಗಸು ಮತ್ತು ಅವರ ತಮ್ಮನ ನಡುವೆ ಒಂದು ಮುಂಗಡ ಹಣದ ಜಗಳ ಆಯಿತು. ತಮಾಷೆಯಾಗಿತ್ತು, ನನಗೆ. ಹೆಸರು ಹಾಕದೆ ಬರೆದೆ. ಆದರೆ ಕೆಲವೇ ಜನ ಇರುವ ಜಾಗದಲ್ಲಿ ಹೆಸರು ಯಾಕೆ ಬೇಕು? ಯಾರೋ ಓದಿ ಹೇಳಿದರು. ಆಕೆ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಹಾಜರಿಗೆ ಬಂದು, ಬೆರಳು ತೋರಿಸಿ, ಹೋಗುತ್ತಿದ್ದರು. ನಾನೇ ಅವರ ಮನೆಗೆ ಹೋಗಿ, ಬರೆದದ್ದನ್ನು ತೆಗೆದಿದ್ದೇನೆ ಅಂತ ಫೋನು ತೋರಿಸಿದೆ.

ಈಗ ನನ್ನ ಮನೆಯ ವಿಷಯವಾದರೆ ಅದೇ ರಾತ್ರಿ ಹಾಕುತ್ತೇನೆ. ಬೇರೆಯವರ ವಿಷಯವಾದರೆ ಬರೆದಿಟ್ಟು ಮರುದಿನ ಅವರನ್ನೇ ಕೇಳುತ್ತೇನೆ. "ಹೀಗೆ ಬರೆದಿದ್ದೇನೆ, ಹಾಕಲಾ?" ಹೆಚ್ಚಿನವರು ಹಾಕಿ ಅನ್ನುತ್ತಾರೆ. ಕೆಲವರು ಇನ್ನೊಂದು ಒಳ್ಳೆಯ ಸಾಲು ಸೇರಿಸಿಯೂ ಕೊಡುತ್ತಾರೆ. ಬೇಡ ಅಂದವರ ಬರಹ ಅಲ್ಲಿಗೆ ಮುಗಿಯಿತು.

ಕುಯ್ಲಿನ ದಿನಗಳಿಗೆ

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ 25 ನಿಮಿಷವೂ ಇರುವುದಿಲ್ಲ. ಮೊದಲು ಅರೇಬಿಕಾ ಕುಯ್ಲು, ಅದರ ಬೆನ್ನಿಗೆ ರೋಬಸ್ಟಾ, ಆಮೇಲೆ ಕರಿಮೆಣಸು. ರಾತ್ರಿ ಏಳಕ್ಕೂ ತೂಕ ನಡೆಯುತ್ತಿರುತ್ತದೆ. ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡುತ್ತಿರುತ್ತದೆ. ಆ ದಿನಗಳಿಗೆ ಮಳೆಗಾಲದಲ್ಲೇ ಕೂಡಿಡಬೇಕು. ಜುಲೈನಲ್ಲಿ ಕರೆಂಟ್ ಇಲ್ಲದ ಸಂಜೆಗಳು ಎಷ್ಟು ಬೇಕು ಅಷ್ಟು ಸಿಗುತ್ತವೆ. ಆವಾಗ ಮೇಣದ ಬತ್ತಿ ಹಚ್ಚಿ ಕಾಗದದ ಮೇಲೆ ಬರೆದು ಇಡುತ್ತೇನೆ. ಯಾವ ತಿಂಗಳಲ್ಲಿ ಓದಿದರೂ ನಡೆಯುವಂಥವು: ಅತ್ತೆಯ ಕಾಚಂಪುಳಿ (ಅಡುಗೆಗೆ ಹಾಕುವ ಹುಳಿ) ಬಾಟಲಿ, ಲೈನ್ ಮನೆಯಲ್ಲಿ ಒಂದೇ ಬೀದಿಯಲ್ಲಿ ಕೇಳುವ ಐದು ಭಾಷೆ, ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಚೌಕಾಸಿ. ಹತ್ತಿದ್ದರೆ ಐದು ವಾರ ಸುಧಾರಿಸಬಹುದು.

ಕೂಡಿಟ್ಟದ್ದೂ ಮುಗಿದರೆ ನಾಲ್ಕೇ ಸಾಲು ಬರೆಯುತ್ತೇನೆ. ಇವತ್ತು ತೂಗಿದ್ದು ಎಷ್ಟು, ಕಣದಲ್ಲಿ ಯಾರು ಏನು ಅಂದರು. ಅದನ್ನೂ ಜನ ಓದುತ್ತಾರೆ. ಉದ್ದ ಬರೆಯಲಿಲ್ಲ ಅಂತ ಇದುವರೆಗೆ ಯಾರೂ ಜಗಳಕ್ಕೆ ಬಂದಿಲ್ಲ.

ತಲೆಬರಹದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಬರಹದೊಳಗಿನ ಒಂದು ವಸ್ತುವಿನ ಹೆಸರು ಹಾಕಿಬಿಡಿ. "ಸ್ಟೀಲ್ ಡಬ್ಬಿ." ಮುಗಿಯಿತು. ಅದಕ್ಕೆ ಒಂದು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ.

ಅಲಾರಂ ಹೊಡೆದಾಗ ಬರಹ ಹೇಗಿದೆಯೋ ಹಾಗೆ ಹಾಕಿ, ಫೋನನ್ನು ಮಗುಚಿ ಇಟ್ಟು, ಡೈರಿ ತೆಗೆದು ಮುಂದಿನದಕ್ಕೆ ಒಂದು ಸಾಲು ಬರೆದು ಮಲಗುತ್ತೇನೆ. ಆ ಒಂದು ಸಾಲು ಇದ್ದರೆ ಮರುದಿನ ಖಾಲಿ ಹಾಳೆ ಎದುರಿಗೆ ಇರುವುದಿಲ್ಲ. ಇವತ್ತು ಬರೆದಿರುವುದು: "ಪಲ್ಪರ್ ಬೆಲ್ಟು ತುಂಡಾಗಿದೆ. ಮೇಸ್ತ್ರಿ ಅತ್ತೆಯ ಹಳೇ ಸೀರೆಯ ಅಂಚು ಕೇಳಿದ್ದಾರೆ, ಯಾಕೆ ಅಂತ ಹೇಳಿಲ್ಲ."